ಗೂಡ್ಸ್ ಗಾಡಿ ದಾಟುವ ತನಕ

ಅರಸೀಕೆರೆ ಎಂದರೆ ಹೊರಗಿನವರಿಗೆ ಬೇಲೂರು, ಹಳೇಬೀಡು ನೋಡಲು ರೈಲಿಳಿದು ಬಸ್ಸು ಹತ್ತುವ ಊರು. ನಾನು ಅಲ್ಲೇ ಬೆಳೆದವಳಾದ್ದರಿಂದ ಈ ಮಾತು ಕೇಳಿದಾಗಲೆಲ್ಲ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ಆದರೆ ಸುಳ್ಳೇನಲ್ಲ. ಹಾಗೆ ಇಳಿದವರು ಒಂದು ರಾತ್ರಿ ತಂಗಲಿ ಎಂದೇ ಮಹಾರಾಜರ ಕಾಲದಲ್ಲಿ ಸ್ಟೇಷನ್ನಿನ ಹತ್ತಿರ ಒಂದು ಛತ್ರ ಕಟ್ಟಿಸಿದ್ದರು. ಕಲ್ಲಿನ ಕಂಬಗಳು, ನಡುವೆ ಆಕಾಶಕ್ಕೆ ತೆರೆದ ದೊಡ್ಡ ಒಳಂಗಳ, ಸುತ್ತಲೂ ಮರದ ಕಟಾಂಜನದ ಮಹಡಿ. ನನಗೆ ಬುದ್ಧಿ ಬರುವ ಹೊತ್ತಿಗೆ, ಎಂದರೆ ಐವತ್ತರ ದಶಕದ ಕೊನೆಯ ವರ್ಷಗಳಲ್ಲಿ, ಬಸ್ಸುಗಳು ಹೆಚ್ಚಾಗಿ ತಂಗುವವರು ಇಲ್ಲವಾಗಿದ್ದರು. ಕೆಟ್ಟು ಪಟ್ಟಣ ಸೇರು ಎನ್ನುತ್ತಾರಲ್ಲ, ನಮ್ಮ ಛತ್ರ ಕೆಟ್ಟು ಕಲೆ ಸೇರಿತ್ತು.

ಮುಂದಿನ ಜಗಲಿಯಲ್ಲಿ ವಾಚನಾಲಯ. ಎಡಗಡೆಯ ಕೋಣೆಯಲ್ಲಿ ಸಂಗೀತ ಪಾಠ. ಮಹಡಿಯ ಮೇಲೆ ಹೆಂಗಸರ ಹೊಲಿಗೆ ಮತ್ತು ಕಸೂತಿ ಕ್ಲಾಸು. ಒಳಂಗಳದಲ್ಲಿ ಹರಿಕಥೆ, ಭಾಷಣ, ನಾಟಕ, ಚಿತ್ರಗಳ ಪ್ರದರ್ಶನ. ಒಂದು ಸಲ ಕೋಳಿಗಳ ಪ್ರದರ್ಶನವೂ ನಡೆದು, ವಾರಗಟ್ಟಲೆ ಸಂಗೀತದ ಮೇಷ್ಟರು ಮೂಗು ಮುಚ್ಚಿಕೊಂಡೇ ಸರಳೆ ವರಸೆ ಹೇಳಿಕೊಟ್ಟರು. ಹೊಸ ಹೆಸರಿನ ಬೋರ್ಡು ಹಾಕಿದ್ದರು. ಅದನ್ನು ಯಾರೂ ಓದಲಿಲ್ಲ. ಎಲ್ಲರಿಗೂ ಅದು ಛತ್ರವೇ.

ಸಂಜೆ ಸ್ಕೂಲು ಬಿಟ್ಟ ಮೇಲೆ ನಾನು ಅಲ್ಲಿಗೇ ಓಡುತ್ತಿದ್ದೆ. ಒಂದು ಕಡೆ ಹೊಲಿಗೆ ಮಿಷನ್ನಿನ ಸದ್ದು, ಒಂದು ಕಡೆ ಪಿಟೀಲು, ಒಳಗೆ ನಾಟಕದವರ ಕೂಗಾಟ. ಇವತ್ತಿನ ಸಭಾಂಗಣಗಳಲ್ಲಿ ಕೆಮ್ಮಿದರೆ ತಿರುಗಿ ನೋಡುತ್ತಾರೆ. ಅಲ್ಲಿ ಕೆಮ್ಮುವುದಿರಲಿ, ಕಡಲೆಕಾಯಿ ಸುಲಿಯದೆ ಕೂತವರನ್ನೇ ಜನ ಅನುಮಾನದಿಂದ ನೋಡುತ್ತಿದ್ದರು. 

ಗದ್ದಲವಿದ್ದರೂ ಛತ್ರಕ್ಕೆ ಅದರದೇ ಕಟ್ಟಳೆಗಳಿದ್ದವು. ಒಳಂಗಳ ಹಿಂದೆ ಊಟದ ಪಂಕ್ತಿ ಹಾಕುತ್ತಿದ್ದ ಜಾಗ. ಅನ್ನ ಬಡಿಸಿದ ನೆಲವೆಂದು ಅಲ್ಲಿ ಯಾರೂ ಚಪ್ಪಲಿ ಮೆಟ್ಟುವಂತಿರಲಿಲ್ಲ, ಪಾತ್ರಧಾರಿಗಳು ಕೂಡ. ಕೋಟು, ಹ್ಯಾಟು ಹಾಕಿದ ದೊಡ್ಡ ಸಾಹೇಬರೊಬ್ಬರು ಬರಿಗಾಲಲ್ಲಿ ರಂಗಕ್ಕೆ ಬಂದು, "ಯಾರಲ್ಲಿ, ಬೂಟು ಬಿಚ್ಚು" ಎಂದು ಗದರಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಜವಾನ ಇಲ್ಲದ ಬೂಟನ್ನು ಬಿಚ್ಚಿದ. ಒಬ್ಬರೂ ನಗಲಿಲ್ಲ.

ಇನ್ನೊಂದು ಕಟ್ಟಳೆ ರೈಲಿನದು. ಛತ್ರದ ಹಿಂದೆಯೇ ಹಳಿ. ರೈಲು ಬಂದರೆ ಒಂದು ಮಾತೂ ಕೇಳುವಂತಿರಲಿಲ್ಲ. ಆದ್ದರಿಂದ ಸಿಳ್ಳೆ ಕೇಳಿದ ತಕ್ಷಣ ಪಾತ್ರಧಾರಿಗಳು ಮಾತು ನಿಲ್ಲಿಸಿ ಇದ್ದ ಭಂಗಿಯಲ್ಲೇ ನಿಂತುಬಿಡಬೇಕು, ಕೊನೆಯ ಡಬ್ಬಿ ದಾಟಿದ ಮೇಲೆ ಬಿಟ್ಟಲ್ಲಿಂದ ಮಾತು ಹಿಡಿಯಬೇಕು. ಕತ್ತಿ ಎತ್ತಿದವನು ಎತ್ತಿಕೊಂಡೇ, ಕಾಲಿಗೆ ಬಿದ್ದವನು ಬಿದ್ದುಕೊಂಡೇ ಇರಬೇಕು. ಪ್ಯಾಸೆಂಜರ್ ಆದರೆ ಪರವಾಗಿಲ್ಲ. ಗೂಡ್ಸ್ ಗಾಡಿಯಾದರೆ ದೇವರೇ ಗತಿ.

ನಮ್ಮಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಸಂಜೆಯ ಹೊತ್ತು ಛತ್ರದ ನಾಟಕ ಮಂಡಳಿಯಲ್ಲಿ ಸ್ತ್ರೀ ಪಾತ್ರಧಾರಿ. ಆಗೆಲ್ಲ ನಮ್ಮೂರ ಹವ್ಯಾಸಿ ನಾಟಕಗಳಲ್ಲಿ ಹೆಣ್ಣಿನ ಪಾತ್ರ ಗಂಡಸರದೇ. ಅಪ್ಪನದು ಸಣಕಲು ಮೈ, ಸಣ್ಣ ದನಿ. ಸೀರೆ ಉಟ್ಟು ಬಂದರೆ ಗೊತ್ತಿಲ್ಲದವರು ಎದ್ದು ಜಾಗ ಬಿಡುತ್ತಿದ್ದರು. ಅಮ್ಮ ಮಾತ್ರ ಅವರ ನಾಟಕವನ್ನು ಒಂದು ಸಲವೂ ನೋಡಿರಲಿಲ್ಲ. ಬೇಲೂರಿನ ದೇವಸ್ಥಾನದ ಪರಿಚಾರಕರ ಮನೆಯ ಮಗಳು ಅವಳು. ಗಂಡ ಸೀರೆ ಉಡುವುದನ್ನು ನೋಡಲು ಮೊದಲಿನಿಂದಲೂ ಅವಳಿಗೆ ನಾಚಿಕೆ. ಆಮೇಲೆ ಅದು ನಾಚಿಕೆಯಾಗಿ ಉಳಿಯಲಿಲ್ಲ.

ನನಗೆ ಎಂಟು ವರ್ಷವಾಗಿದ್ದಾಗ ನನ್ನ ತಮ್ಮ ಹುಟ್ಟಿ, ನಾಲ್ಕು ತಿಂಗಳಿಗೆ ಜ್ವರ ಬಂದು ಹೋಗಿಬಿಟ್ಟ. ಅಪ್ಪ ಅಳಲಿಲ್ಲ. ಮಗುವನ್ನು ತಾವೇ ಎತ್ತಿಕೊಂಡು ಹೋದರು, ಬಂದು ಸ್ನಾನ ಮಾಡಿದರು, ಮರುದಿನ ಕಚೇರಿಗೆ ಹೋದರು. ವಾರ ಕಳೆಯುವುದರೊಳಗೆ ಛತ್ರಕ್ಕೆ ರಿಹರ್ಸಲ್ಲಿಗೂ ಹೋದರು. ಅವತ್ತಿನಿಂದ ಅಮ್ಮ ಅವರ ಜೊತೆ ಮಾತು ಬಿಟ್ಟಳು. ಜಗಳವಿಲ್ಲ, ಕೂಗಾಟವಿಲ್ಲ. ಹೇಳಬೇಕಾದ್ದನ್ನೆಲ್ಲ ನನ್ನ ಮುಖ ನೋಡಿ ಹೇಳುತ್ತಿದ್ದಳು.

"ನಿಮ್ಮಪ್ಪನಿಗೆ ಹೇಳೇ, ಎಲೆ ಹಾಕಿದೀನಿ ಅಂತ."

ಅಪ್ಪ ಎರಡು ಮಾರು ದೂರದಲ್ಲೇ ಕೂತಿರುತ್ತಿದ್ದರು. ಆದರೂ ನಾನು ಹೇಳಬೇಕು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಗಾದೆ ಮಾಡಿದವರು ನಮ್ಮ ಮನೆಗೆ ಬಂದಿರಲಿಲ್ಲ. ಎರಡು ವರ್ಷ ಉಂಡು ಮಲಗಿದರೂ ಅದು ಮುಗಿಯಲಿಲ್ಲ. ನನಗೋ ಟಪಾಲಿನವನ ಕೆಲಸ. ಒಂದೊಂದು ದಿನ ರೇಗಿಹೋಗಿ ಮಾತನ್ನು ತಿರುಚಿ ಮುಟ್ಟಿಸಿದ್ದೂ ಉಂಟು.

ತೊಟ್ಟಿಲನ್ನು ಬಿಚ್ಚಿ ಬೇಲೂರಿಗೆ ಕಳಿಸಿಬಿಡಿ ಎಂದು ಅಜ್ಜಿ ಹೇಳಿ ಕಳಿಸಿದರೂ ಅಮ್ಮ ಬಿಚ್ಚಗೊಡಲಿಲ್ಲ. ಅದು ನಡುಮನೆಯ ತೊಲೆಯಿಂದ ನೇತಾಡುತ್ತಲೇ ಇತ್ತು. ಖಾಲಿ ತೊಟ್ಟಿಲು ತೂಗಬಾರದು ಎನ್ನುತ್ತಾರೆ. ಅಮ್ಮ ತೂಗುತ್ತಿರಲಿಲ್ಲ. ಮುಚ್ಚಂಜೆಯಲ್ಲಿ ದೀಪ ಹಚ್ಚಿದ ಮೇಲೆ, ಅದು ಅಲುಗಾಡದಂತೆ ಒಂದು ಕೈಯಲ್ಲಿ ಹಗ್ಗ ಹಿಡಿದು, ಇನ್ನೊಂದು ಕೈಯನ್ನು ಒಳಗೆ ಇಳಿಬಿಟ್ಟು, ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಿದ್ದಳು. ಅಪ್ಪ ಆಗ ಜಗಲಿಯಲ್ಲಿ ಪೇಪರು ಓದುತ್ತಿರುತ್ತಿದ್ದರು. ಅವರಿಗೆ ಇದೊಂದೂ ಗೊತ್ತಿಲ್ಲ ಎಂದೇ ನಾನು ತಿಳಿದಿದ್ದೆ. ಅಮ್ಮನೂ ಹಾಗೇ ತಿಳಿದಿದ್ದಳು.

ನಾನು ಹತ್ತು ವರ್ಷದವಳಾಗಿದ್ದಾಗ ಮಿಡ್ಲ್ ಸ್ಕೂಲಿನ ಹೆಡ್‌ಮಾಸ್ಟರು ತಾವೇ ಒಂದು ಸಾಮಾಜಿಕ ನಾಟಕ ಬರೆದರು. ಮನೆಯೊಡತಿಯ ಪಾತ್ರ ಅಪ್ಪನದು. ಶನಿವಾರ ಗಂಡಸರಿಗೆ, ಭಾನುವಾರ ಮಧ್ಯಾಹ್ನ ಹೆಂಗಸರಿಗೆ ಮತ್ತು ಮಕ್ಕಳಿಗೆ ಎಂದು ಎರಡು ಪ್ರಯೋಗ. ಆ ಶುಕ್ರವಾರ ಅಪ್ಪ ನನ್ನನ್ನು ಹಿತ್ತಲಿಗೆ ಕರೆದರು.

"ಭಾನುವಾರ ಹೇಗಾದ್ರೂ ಮಾಡಿ ನಿಮ್ಮಮ್ಮನ್ನ ಮಹಡಿ ಮೇಲೆ ಉಳಿಸ್ಕೋತೀಯೇನೇ?"

"ಅವಳು ನಾಟಕಕ್ಕೆ ಬರಲ್ಲಪ್ಪ."

"ನಾಟಕಕ್ಕೆ ಬೇಡ. ಕಸೂತಿ ಪ್ರದರ್ಶನಕ್ಕೆ ಬರ್ತಾಳಲ್ಲ. ಗಂಟೆ ಹೊಡೆಯೋ ತನಕ ಹಿಡಿದಿಟ್ಕೊ, ಸಾಕು." ಆಮೇಲೆ ಸೇರಿಸಿದರು, "ಮುಂದಿನ ನಾಟಕದಿಂದ ಕಂಪನಿ ನಾಟಕದ ಒಬ್ಬ ನಟಿಯನ್ನೇ ಕರೆಸ್ತಾರಂತೆ. ಇನ್ಮೇಲೆ ನನಗೆ ಪಾರ್ಟು ಇಲ್ಲ ಕಣೇ. ಒಂದು ಸಲ ಅವಳು ನೋಡಲಿ."

ಅಪ್ಪ ನನ್ನ ಹತ್ತಿರ ಏನನ್ನಾದರೂ ಬೇಡಿದ್ದು ಅದೇ ಮೊದಲು. ಇಲ್ಲವೆನ್ನಲಾಗಲಿಲ್ಲ.

ಹೊಲಿಗೆ ಕ್ಲಾಸಿನವರ ಪ್ರದರ್ಶನವೂ ಅದೇ ಭಾನುವಾರ ಇತ್ತು. ಮಹಡಿಯ ಗೋಡೆಯುದ್ದಕ್ಕೂ ದಿಂಬಿನ ಚೀಲ, ಮೇಜಿನ ಹಾಸು, ಪರದೆಗಳು. ಅಮ್ಮ ಬೇಲೂರಿನ ಗುಡಿಯ ಗೋಡೆಯಲ್ಲಿರುವ ಹಂಸದ ಸಾಲನ್ನು ಒಂದು ಪರದೆಯ ಅಂಚಿಗೆ ಹೊಲಿದಿದ್ದಳು. ಬಾಲ ಬಳ್ಳಿಯಾಗಿ ಸುರುಳಿ ಸುತ್ತುವ ಹಂಸಗಳು. ಜನ ಅದರ ಮುಂದೆ ನಿಂತು ನೋಡುವಾಗ ಅವಳು ನಾಲ್ಕು ಹೆಜ್ಜೆ ದೂರ ನಿಂತು ಕಿವಿ ಮಾತ್ರ ಅಲ್ಲಿಟ್ಟಿದ್ದಳು. ನೋಡಿ ಆದ ಕೂಡಲೇ, "ನಡಿ, ಮನೆಗೆ ಹೋಗೋಣ" ಎಂದಳು.

ನಾನು ಶುರು ಮಾಡಿದೆ. ಆ ಗಿಣಿ ಯಾರು ಹೊಲಿದದ್ದು, ಈ ಹೊಲಿಗೆಗೆ ಏನು ಹೆಸರು, ಆ ನೂಲು ಎಲ್ಲಿ ಸಿಗುತ್ತದೆ. ಜನ್ಮದಲ್ಲಿ ಸೂಜಿ ಮುಟ್ಟದವಳು ಹೀಗೆ ಕೇಳಿದರೆ ಅನುಮಾನ ಬರಬೇಕಿತ್ತು. ಆದರೆ ಅಮ್ಮನಿಗೆ ಸಂತೋಷವಾಗಿಬಿಟ್ಟಿತು. ಒಂದೊಂದನ್ನೂ ಬಿಡಿಸಿ ಹೇಳತೊಡಗಿದಳು. ಅವಳು ಅಷ್ಟು ಮಾತಾಡಿ ಎಷ್ಟು ದಿನವಾಗಿತ್ತೋ. ಮೋಸ ಮಾಡುತ್ತಿದ್ದೇನೆಂದು ನನಗೆ ಅಳು ಬಂದಂತಾಯಿತು. ಅಷ್ಟರಲ್ಲಿ ಗಂಟೆ ಹೊಡೆಯಿತು.

ಛತ್ರದ ಮಹಡಿಗೆ ಇದ್ದದ್ದು ಒಂದೇ ಮೆಟ್ಟಿಲು. ಅದು ಇಳಿಯುತ್ತಿದ್ದುದು ರಂಗ ಕಟ್ಟುವ ಮೂಲೆಗೆ. ಪರದೆ ಎದ್ದ ಮೇಲೆ ಮೇಲಿನಿಂದ ಯಾರಾದರೂ ಇಳಿದರೆ ಸೀದಾ ನಾಟಕದೊಳಗೇ ಇಳಿಯಬೇಕು. ಅಮ್ಮ ಮೆಟ್ಟಿಲ ತಲೆಯವರೆಗೆ ಹೋಗಿ ನೋಡಿದಳು, ವಾಪಸು ಬಂದು ನನ್ನ ತೊಡೆ ಚಿವುಟಿದಳು. ಕಟಾಂಜನದ ಹತ್ತಿರ ಹೆಂಗಸರ ನಡುವೆ, ರಂಗಕ್ಕೆ ಬೆನ್ನು ಹಾಕಿದಂತೆ ಓರೆಯಾಗಿ ಕೂತಳು. ಅವಳ ಪಕ್ಕದಲ್ಲಿದ್ದವರು ಗೆಂಡೆಹಳ್ಳಿಯಿಂದ ಮಗಳ ಮನೆಗೆ ಬಂದಿದ್ದ ಒಬ್ಬ ಮುದುಕಿ.

ಕೆಳಗೆ, ಮಹಡಿಯ ಮಾಡಿನ ಎತ್ತರಕ್ಕೆ ಕಟ್ಟಿದ ತೆಂಗಿನ ಗರಿಯ ಚಪ್ಪರದ ನೆರಳಲ್ಲಿ ನಾಟಕ ಶುರುವಾಯಿತು. ಅಪ್ಪ ಒಳಗಿನಿಂದ ಬಂದರು. ಹಸಿರು ಸೀರೆ, ಎಡಗೈಯಿಂದ ಸೆರಗು ಎಳೆದು ಸೊಂಟಕ್ಕೆ ಸಿಕ್ಕಿಸುವ ರೀತಿ, ಬಾಗಿಲ ದಾರಂದಕ್ಕೆ ಭುಜ ತಾಗಿಸಿ ನಿಲ್ಲುವ ರೀತಿ. ರಿಹರ್ಸಲ್ಲಿನಲ್ಲಿ ಇಲ್ಲದ ರೀತಿ ಇದು ಎಂದು ನೋಡಿದ ಕೂಡಲೇ ನನಗೆ ಗೊತ್ತಾಯಿತು. ಅದು ಅಮ್ಮ. ಗಂಡನ ಪಾತ್ರದವನು ಬಂದಾಗ ಅಪ್ಪ ಅವನ ಕಡೆ ನೋಡದೆ ಮಗಳ ಪಾತ್ರದವನಿಗೆ ಹೇಳಿದರು, "ನಿಮ್ಮಪ್ಪನಿಗೆ ಹೇಳೇ, ಎಲೆ ಹಾಕಿದೀನಿ ಅಂತ." ಮಹಡಿಯ ಹೆಂಗಸರೆಲ್ಲ ಘೊಳ್ಳೆಂದು ನಕ್ಕರು. ಎಲ್ಲರ ಮನೆಯಲ್ಲೂ ಆಗೀಗ ನಡೆಯುವುದೇ ತಾನೆ. ಅಮ್ಮನ ಕಿವಿ ಕೆಂಪಾದವು. ಮನೆಯ ಮರ್ಯಾದೆಯನ್ನು ಬೀದಿಗೆ ಎಳೆದರಲ್ಲ ಎಂದು ಅವಳು ರಂಗಕ್ಕೆ ಪೂರ್ತಿ ಬೆನ್ನು ತಿರುಗಿಸಿದಳು. ನನ್ನ ಕೆಲಸ ಕೆಟ್ಟಿತು, ಇನ್ನು ಇವಳು ಸಾಯುವ ತನಕ ಅಪ್ಪನ ಹತ್ತಿರ ಮಾತಾಡುವುದಿಲ್ಲ ಎಂದು ನಾನು ಹೆದರಿ ಕೂತೆ.

ನಾಟಕದಲ್ಲಿ ಅತ್ತೆ ಜಗಳ ಮಾಡಿ ಮಗುವನ್ನು ತನ್ನೂರಿಗೆ ಎತ್ತಿಕೊಂಡು ಹೋಗುತ್ತಾಳೆ. ಆಮೇಲೆ ತೊಟ್ಟಿಲ ಪಕ್ಕದಲ್ಲಿ ನಿಂತು ತಾಯಿಯ ಉದ್ದನೆಯ ಮಾತಿದೆ. ರಂಗದ ಮೇಲೂ ಖಾಲಿ ತೊಟ್ಟಿಲು ಬೇಡವೆಂದು, ನಾಮಕರಣದ ದಿನ ಇಡುವ ಹಾಗೆ ಅದರಲ್ಲಿ ಒಂದು ಗುಂಡುಕಲ್ಲು ಇಟ್ಟಿದ್ದರು. ಅಪ್ಪ ಎರಡು ಸಾಲು ಹೇಳಿದ್ದರು. ರೈಲಿನ ಸಿಳ್ಳೆ ಕೇಳಿತು. ಇಂಥ ಹೊತ್ತಿನಲ್ಲಿ ಕೈಯನ್ನು ಹಣೆಗೆ ಒತ್ತಿ ನಿಲ್ಲಬೇಕೆಂದು ಹೆಡ್‌ಮಾಸ್ಟರು ಹೇಳಿಕೊಟ್ಟಿದ್ದನ್ನು ನಾನು ರಿಹರ್ಸಲ್ಲಿನಲ್ಲಿ ನೋಡಿದ್ದೆ. ಅಪ್ಪ ಹಾಗೆ ಮಾಡಲಿಲ್ಲ. ಒಂದು ಕೈಯಲ್ಲಿ ತೊಟ್ಟಿಲ ಹಗ್ಗವನ್ನು ಅಲುಗದಂತೆ ಹಿಡಿದರು. ಇನ್ನೊಂದು ಕೈಯನ್ನು ಒಳಗೆ ಇಳಿಬಿಟ್ಟರು. ಹಾಗೇ ನಿಂತರು.

ಬಂದದ್ದು ಗೂಡ್ಸ್ ಗಾಡಿ. ಡಬ್ಬಿಯ ಹಿಂದೆ ಡಬ್ಬಿ, ಕಂಬಗಳು ನಡುಗುತ್ತಿದ್ದವು. ಅಪ್ಪ ಅಲುಗಲಿಲ್ಲ. ಮಾತಿಲ್ಲ, ಹಾರ್ಮೋನಿಯಂ ಇಲ್ಲ, ನೋಡಲು ಆ ಕೈ ಒಂದೇ. ಅವರ ಕೆನ್ನೆಯ ಬಣ್ಣದ ಮೇಲೆ ನೀರು ಇಳಿಯುತ್ತಿದ್ದುದು ಮಹಡಿಗೂ ಕಾಣುತ್ತಿತ್ತು. ಅಮ್ಮ ಯಾವಾಗ ರಂಗದ ಕಡೆ ತಿರುಗಿದ್ದಳೋ, ಕಟಾಂಜನವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

ಗಾಡಿ ದಾಟಿದಾಗ ಗೆಂಡೆಹಳ್ಳಿಯ ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡು ಅಮ್ಮನಿಗೆ ಹೇಳಿದರು, "ಆ ಯಮ್ಮ ಕೂಸು ಕಳ್ಕೊಂಡವ್ಳೆ ಕಣ್ರವ್ವ. ವೇಸ ಅಲ್ಲ ಇದು. ಹೊಟ್ಟೇಲಿ ಬೆಂಕಿ ಐತೆ ಅವ್ಳಿಗೆ."

"ಅವರು ನಮ್ಮನೆಯವರು," ಎಂದಳು ಅಮ್ಮ.

ಮುದುಕಿ ಬಾಯಿ ತೆರೆದುಕೊಂಡು ಅವಳನ್ನೇ ನೋಡಿದರು.  ಅಮ್ಮ ನಾಟಕ ಮುಗಿಯುವ ತನಕ ಕೂತು ನೋಡಿದಳು. ಪರದೆ ಬಿದ್ದ ಕೂಡಲೇ ನನ್ನ ಕೈ ಹಿಡಿದು ಮೆಟ್ಟಿಲಿಳಿದಳು. ಮನೆಯ ಕಡೆ ತಿರುಗದೆ ಸೀದಾ ಛತ್ರದ ಹಳೆಯ ಅಡುಗೆಮನೆಗೆ ನಡೆದಳು. ನಾಟಕದವರು ಬಣ್ಣ ಹಚ್ಚುತ್ತಿದ್ದುದು ಅಲ್ಲಿ. ಹೆಂಗಸರು ಕಾಲಿಡದ ಜಾಗ. ಅರ್ಧ ಮೀಸೆ ಕಿತ್ತವರು, ಪಂಚೆ ಸುತ್ತುತ್ತಿದ್ದವರು ಎಲ್ಲ ಗಾಬರಿಯಾಗಿ ಹೊರಗೆ ಓಡಿದರು. ಅಪ್ಪ ಒಲೆಯ ಕಟ್ಟೆಯ ಮೇಲೆ ಸೀರೆಯಲ್ಲೇ ಕೂತಿದ್ದರು. ಅಮ್ಮನನ್ನು ನೋಡಿ ಎದ್ದು ನಿಂತರು.

"ಕೈ ಇಟ್ಟಿದ್ದು ತಪ್ಪು ರೀ," ಎಂದಳು ಅಮ್ಮ.

ನನ್ನ ಕಡೆ ನೋಡಲಿಲ್ಲ. ಅವರ ಮುಖ ನೋಡಿಯೇ ಹೇಳಿದಳು. 

"ನೀವಿಟ್ಟ ಹಾಗೆ ತಲೆ ಕಡೆ ಅಲ್ಲ. ನಾನು ಇಡ್ತಿದ್ದದ್ದು ಕಾಲಿನ ಕಡೆ. ಎಷ್ಟು ಹೊದಿಸಿದ್ರೂ ಮಗುವಿನ ಪಾದ ತಣ್ಣಗಿರ್ತಿತ್ತು. ಹಿಡ್ಕೊಂಡೇ ಬೆಚ್ಚಗೆ ಮಾಡಬೇಕಿತ್ತು."

"ನಂಗೆ ಗೊತ್ತಿರಲಿಲ್ಲ ಕಣೇ," ಎಂದರು ಅಪ್ಪ.

"ಹೇಗೆ ಗೊತ್ತಾಗತ್ತೆ? ವಾರ ತುಂಬೋದ್ರೊಳಗೆ ನೀವು ಇಲ್ಲಿಗೆ ಬಂದುಬಿಟ್ರಿ."

ಅಪ್ಪ ತಲೆ ತಗ್ಗಿಸಿದರು. ತಲೆಗೆ ಕಟ್ಟಿದ ಸುಳ್ಳು ತುರುಬು ಒಂದು ಕಡೆ ಜಾರಿತ್ತು. ಅದನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು ಬಹಳ ಮೆಲ್ಲಗೆ ಹೇಳಿದರು, "ಮನೇಲಿ ಅಳೋಕಾಗ್ತಿರಲಿಲ್ಲ. ನಿನ್ನ ಎದುರಿಗೆ ನಾನೂ ಅತ್ತರೆ ನಿನ್ನ ಹಿಡಿಯೋರು ಯಾರು ಅನ್ನಿಸ್ತಿತ್ತು. ಇಲ್ಲಿ ಸೀರೆ ಉಟ್ಕೊಂಡ್ರೆ ಅಳಬಹುದಿತ್ತು. ಎಲ್ಲರೂ ಪಾರ್ಟು ಅಂತಿದ್ರು. ಇನ್ನು ಅದೂ ಇಲ್ಲ."

ಅಮ್ಮ ಹತ್ತಿರ ಹೋದಳು. ತನ್ನ ಸೆರಗಿನ ತುದಿಯಿಂದ ಅವರ ಕೆನ್ನೆಯ ಬಣ್ಣವನ್ನು ಒರೆಸಿದಳು.

"ಮನೆಗೆ ನಡೀರಿ," ಎಂದಳು. "ಅಲ್ಲೇ ಅಳೋಣ."