ಏರಿಯಿಂದ ತಂದ ಒಗೆಯುವ ಕಲ್ಲು

ಅಂದು ಬೆಳಿಗ್ಗೆಯೂ ಎಂದಿನಂತೆ ಗಂಡನ ಫ್ಯಾಕ್ಟರಿ ಸಮವಸ್ತ್ರಕ್ಕೆ ಸೋಪು ಹಚ್ಚಿ ಹಿತ್ತಲಿನ ಕಲ್ಲಿನ ಮೇಲೆ ಉಜ್ಜುತ್ತಿದ್ದೆ. ಚನ್ನಪಟ್ಟಣದ ಹೊರಗಿನ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿದ ವರ್ಷ ತಂದ ಕಲ್ಲು ಅದು. ನಮಗೆ ಕುಡಿಯುವ ನೀರು ಕೊಡುವ ಅಣೆಕಟ್ಟಿಗೆ ಒಂದು ಭಾನುವಾರ ತಿರುಗಾಡಲು ಹೋದಾಗ, ಏರಿಯ ಮಣ್ಣಿಗೆ ಅಲೆ ಬಡಿಯದಂತೆ ಹೊದಿಸಿದ್ದ ಕಲ್ಲುಗಳಲ್ಲಿ ಅದನ್ನೇ ಬೆರಳು ಮಾಡಿ ತೋರಿಸಿದವಳು ನಾನು. ಬೇರೆಯವರ ಪೆನ್ಸಿಲ್ ಚೂರನ್ನೂ ಮುಟ್ಟಬಾರದೆಂದು ಕಾನ್ವೆಂಟಿನಲ್ಲಿ ಕಲಿತು ಬಂದವಳೂ ನಾನೇ.

ಅಷ್ಟರಲ್ಲಿ ಅಣೆಕಟ್ಟಿನ ಮುದುಕ ಕಾವಲುಗಾರ ಹಿತ್ತಲ ಬಾಗಿಲಿಗೆ ಬಂದು, "ಒಸಿ ನೀರು ಕೊಡವ್ವ" ಎಂದ. "ಏರಿ ಕಲ್ಲು ಕಿತ್ಕಂಡೋದ ಕಡೆ ಮಣ್ಣು ಕುಸೀತಾ ಐತೆ. ಯಾರ ಮನೇಲವೆ ನೋಡ್ಕಂಡು ಬಾ ಅಂತ ಸಾಹೇಬ್ರು ಕಳ್ಸವ್ರೆ. ಇನ್ನೊಂದು ಜೋರು ಮಳೆ ಬಂದ್ರೆ ಕೆಳಗಿನ ಊರ್ನೋರ ಗತಿ ಏನವ್ವ?"

ಅವನು ಲೋಟ ಎತ್ತಿ ಕುಡಿಯುವಷ್ಟರಲ್ಲಿ ನಾನು ಒಗೆಯಲು ಬಕೆಟ್ಟಿನಲ್ಲಿ ನೆನೆಸಿಟ್ಟಿದ್ದ ಹೊದಿಕೆಯನ್ನು ಕಲ್ಲು ಕಾಣದಂತೆ ಅದರ ಮೇಲೆ ಹರಡಿಬಿಟ್ಟಿದ್ದೆ. "ಎಂಥ ಜನ, ಛೆ" ಎಂದೂ ಅಂದೆ.

"ನಿಮ್ಮಂತ ಓದ್ದೋರು ಒಸಿ ಬುದ್ಧಿ ಯೋಳ್ಬೇಕು ಕಣವ್ವ" ಎಂದು ಲೋಟವನ್ನು ತೊಳೆದು ಕೊಟ್ಟು ಹೋದ.

ಸಂಜೆ ಪಕ್ಕದ ಮನೆಯಾಕೆ ಕಾಂಪೌಂಡಿನಾಚೆ ಕೂತು ಸೊಪ್ಪು ಬಿಡಿಸುತ್ತಿದ್ದಳು. ತಡೆಯಲಾರದೆ ನಡೆದದ್ದನ್ನೆಲ್ಲ ಹೇಳಿ, ನಾಳೆಯೇ ಕಲ್ಲನ್ನು ಏರಿಗೆ ಹಾಕಿ ಬರುತ್ತೇವೆ ಎಂದೆ.

ಆಕೆ ತಲೆಯನ್ನೂ ಎತ್ತಲಿಲ್ಲ. "ಅಯ್ಯೋ ಬುಡಿ ಅಕ್ಕ, ನೀವು ತಂದಿದ್ದು ನೋಡ್ಕಂಡೇ ಅಲ್ವಾ ನಮ್ಮೋರು ಟೆಂಪೋ ತಗಂಡೋಗಿ ಈ ಮನೆ ಪಾಯಕ್ಕೆಲ್ಲ ಅಲ್ಲಿನ ಕಲ್ಲೇ ಹಾಕ್ಸಿದ್ದು?"