ಬೆಲ್ಟು ಕಟ್ಟಿದ ಕ್ಯಾರಿಯರ್

ಸೈಕಲ್ಲಿನ ಹಿಂದೆ ಕೂತಾಗ ನಾನು ದೇವರನ್ನು ನೆನೆಯುವಷ್ಟು ಪೂಜೆಗೆ ಕೂತಾಗಲೂ ನೆನೆಯುವುದಿಲ್ಲ. ಪೂಜೆಯಲ್ಲಿ ಮನಸ್ಸು ಒಲೆಯ ಮೇಲಿನ ಹಾಲಿನ ಕಡೆ ಓಡುತ್ತದೆ; ಕ್ಯಾರಿಯರ್ ಮೇಲೆ ಎಲ್ಲಿಗೂ ಓಡುವುದಿಲ್ಲ.

ನಮ್ಮ ಯಜಮಾನರು ಹೊಸಕೋಟೆಯಲ್ಲಿ ಗುಮಾಸ್ತರು. ಭಾನುವಾರ ಬಂತೆಂದರೆ ಸ್ಪ್ಯಾನರ್ ಹಿಡಿದು ಕೂರುತ್ತಾರೆ. ಒಮ್ಮೆ ಹ್ಯಾಂಡಲಿಗೆ ಕೊಡೆ ಸಿಕ್ಕಿಸುವ ಕೊಳವೆ ಮಾಡಿದರು. ಗಾಳಿ ಬೀಸಿದಾಗ ಸೈಕಲ್ಲು ಕೊಡೆ ಹೇಳಿದ ಕಡೆಗೇ ಹೋಯಿತು. ಮಗಳು ಹುಟ್ಟಿದ ಮೇಲೆ ನಮ್ಮಿಬ್ಬರ ಕ್ಷೇಮಕ್ಕೆಂದು ಕ್ಯಾರಿಯರಿಗೆ ಮೆತ್ತೆ ಹಾಕಿ, ನನ್ನ ಸೊಂಟಕ್ಕೊಂದು ಚರ್ಮದ ಬೆಲ್ಟು ಜೋಡಿಸಿದರು. ಬಕಲು ನನ್ನ ಬೆನ್ನ ಹಿಂದೆ.

"ಇನ್ಮೇಲೆ ನೀನು ಬೀಳೋದೇ ಇಲ್ಲ ಕಣೇ," ಎಂದರು.

ಸೈಕಲ್ಲೇ ಬಿದ್ದರೆ? ಕೇಳಲು ಬಾಯಿ ಬರಲಿಲ್ಲ. ಅಷ್ಟು ಖುಷಿಯಾಗಿದ್ದರು.

ಮೊದಲ ಸವಾರಿ ಸೂಲಿಬೆಲೆಯ ನನ್ನ ತವರಿಗೆ. ಮಡಿಲಲ್ಲಿ ಮಗು ನಿದ್ದೆ ಮಾಡುತ್ತಿತ್ತು. ದಾರಿಯಲ್ಲಿ ಮುನೇಶ್ವರನ ಗುಡಿ; ಇಳಿದು ಕೈಮುಗಿಯದೆ ಅಲ್ಲಿ ಯಾರೂ ಮುಂದೆ ಹೋಗುವುದಿಲ್ಲ. ಇಳಿಯುವುದಕ್ಕೂ ನಮ್ಮದೊಂದು ರೂಢಿಯಿದೆ. ಅವರು ನಿಧಾನ ಮಾಡುತ್ತಾರೆ, ನಾನು ಧುಮುಕುತ್ತೇನೆ, ಆಮೇಲೆ ಅವರು ಕಾಲನ್ನು ಹಿಂದಕ್ಕೆ ಬೀಸಿ ಇಳಿಯುತ್ತಾರೆ. ಮದುವೆಯಾದಾಗಿನಿಂದ ಹೀಗೆಯೇ. ಅಂದೂ ಅವರು ನಿಧಾನ ಮಾಡಿದರು, ಕಾಲು ಬೀಸಿದರು. ಕಟ್ಟಿಸಿಕೊಂಡಿದ್ದ ನಾನು ಕೂತಲ್ಲೇ ಇದ್ದೆ! ಅವರ ಕಾಲು ನನ್ನ ಭುಜಕ್ಕೆ ಬಡಿದು ಸೈಕಲ್ಲು ವಾಲಿತು. "ರೀ, ಬೆಲ್ಟು!" ಎಂದು ಕಿರುಚಿ ಮಗುವನ್ನು ಎದೆಗವಚಿಕೊಂಡೆ.

ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಹೆಂಗಸೊಬ್ಬಳು ಓಡಿಬಂದು ಕ್ಯಾರಿಯರ್ ಹಿಡಿದಳು. "ಏನಪ್ಪಾ, ಎಂಡ್ರುನ್ನ ರಾಗಿ ಮೂಟೆ ಕಟ್ದಂಗೆ ಕಟ್ಟಿದ್ದೀಯಲ್ಲ! ಸಂತೇಲಿ ಮಾರಕ್ಕಾ?"

"ಬೀಳ್ದೇ ಇರ್ಲಿ ಅಂತ ಕಣಮ್ಮಾ," ಎಂದರು ಇವರು.

"ಬೀಳ್ದೆ ಇರಕ್ಕೆ ಕಟ್ಟಿದ್ಯೋ, ಏಳ್ದೆ ಇರಕ್ಕೆ ಕಟ್ಟಿದ್ಯೋ?"

ಮುನೇಶ್ವರನ ದಯೆ, ಒಡೆದದ್ದು ಬಳೆ ಮಾತ್ರ. ಮಗುವಿಗೆ ಎಚ್ಚರವೂ ಆಗಲಿಲ್ಲ. ಬಕಲು ಬಿಚ್ಚಿದ ಯಜಮಾನರು ಮಗುವಿನ ಕೈಕಾಲನ್ನೂ ನನ್ನ ಭುಜವನ್ನೂ ಮುಟ್ಟಿಮುಟ್ಟಿ ನೋಡಿದರು. ಅದನ್ನು ನೋಡಿದ ಮೇಲೆ, ಕಿತ್ತೆಸೆಯಿರಿ ಎನ್ನಲು ನನಗೆ ಮನಸ್ಸು ಬರಲಿಲ್ಲ. ಕೈಮುಗಿದು ಬಂದು ಮತ್ತೆ ಕೂತೆ, ಬೆಲ್ಟನ್ನು ತಿರುಗಿಸಿ ಬಕಲನ್ನು ಮುಂದಕ್ಕೆ ತಂದುಕೊಂಡೆ.

"ಕಟ್ಟೋದು ನೀವೇ ಕಟ್ಟಿ. ಬಿಚ್ಚೋದು ನನ್ನ ಕೈಲಿರ್ಲಿ," ಎಂದೆ.

ಸೂಲಿಬೆಲೆ ತಲುಪುವವರೆಗೂ ಬೆರಳು ಬಕಲಿನ ಮೇಲೇ ಇತ್ತು. ಭಯ ಹೋಯಿತೆಂದರೆ ಸುಳ್ಳಾದೀತು. ಆದರೆ ಭಯಪಡುತ್ತಾ ಹಿಡಿದುಕೊಳ್ಳಲು ಏನೋ ಒಂದು ಸಿಕ್ಕಿತ್ತು. ಅಷ್ಟಿದ್ದರೆ ಎಷ್ಟು ದೂರವಾದರೂ ಹೋಗಬಹುದು.