ಇತರೆ

ಜನ ತಾವು ಹೇಳಿದ ವಿಳಾಸದಲ್ಲಿ ನಿಜವಾಗಿಯೂ ಇದ್ದಾರೋ ಇಲ್ಲವೋ ಎಂದು ನೋಡಿ ಬರುವುದು ಕೃಷ್ಣಸ್ವಾಮಿಯ ಕೆಲಸವಾಗಿತ್ತು. ಯಾರಾದರೂ ತಿಂಗಳ ಬಿಲ್ಲಿನ ಮೊಬೈಲ್ ಕನೆಕ್ಷನ್‌ಗೆ ಅರ್ಜಿ ಹಾಕಿದರೆ ಫೋನ್ ಕಂಪನಿ ಆ ಫಾರಂ ಅನ್ನು ಒಂದು ಏಜೆನ್ಸಿಗೆ ಕಳಿಸುತ್ತಿತ್ತು, ಏಜೆನ್ಸಿಯವರು ಇವನ ಕೈಗೆ ಕೊಡುತ್ತಿದ್ದರು. ಹಲಸೂರು, ಇಂದಿರಾನಗರ, ವಿಮಾನಪುರದಲ್ಲಿ ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಬಾಗಿಲು. ಬೆಲ್ ಒತ್ತಿ, ಹೆಸರು ಹೇಳಿ, ಆಳನ್ನೋ ಮನೆಯಲ್ಲಿರುವ ಇನ್ನೊಬ್ಬರನ್ನೋ ಕಣ್ಣಾರೆ ನೋಡಿ, ಸಹಿ ಹಾಕಿಸಿಕೊಂಡು ಮುಂದಿನ ಬೀದಿಗೆ ಹೋಗಬೇಕು. ಒಂದು ಬಾಗಿಲಿಗೆ ಹನ್ನೆರಡು ರೂಪಾಯಿ ಕೊಡುತ್ತಿದ್ದರು. ಒಂಬತ್ತು ವರ್ಷ ಹೀಗೆ ಬೇರೆಯವರ ಬಾಗಿಲುಗಳಲ್ಲಿ ನಿಂತು, 2009ರ ನವೆಂಬರಿನಲ್ಲಿ ತೀರಿಕೊಂಡ. ಐವತ್ತಾರು ವರ್ಷವಾಗಿತ್ತು.

ನಾನು ಅವನನ್ನು ಮೊದಲು ನೋಡಿದ್ದು 1996ರಲ್ಲಿ, ನಾನು ಕೆಲಸ ಮಾಡುತ್ತಿದ್ದ ವಿಮಾ ಕಚೇರಿಯ ಕೌಂಟರಿನಲ್ಲಿ. ಅವನ ತಾಯಿ ಹೋಗಿ ಹದಿನೈದು ದಿನವಾಗಿತ್ತು. ಪಾಲಿಸಿಯಲ್ಲಿ ನಾಮಿನಿಯಾಗಿದ್ದ ಅವರ ಹೆಸರನ್ನು ತೆಗೆಸಲು ಬಂದಿದ್ದ.

"ಹೊಸ ನಾಮಿನಿ ಯಾರು ಸಾರ್?" ಎಂದೆ.

"ಖಾಲಿ ಬಿಡಕ್ಕಾಗತ್ತಾ?"

"ಬಿಡಬಹುದು. ಆದ್ರೆ ಒಳ್ಳೇದಲ್ಲ."

"ಸದ್ಯಕ್ಕೆ ಖಾಲಿ ಇರ್ಲಿ ಬಿಡಿ. ಯಾರಾದ್ರೂ ಸಿಕ್ಕಿದ್ಮೇಲೆ ಬರ್ತೀನಿ."

ಮುಂದಿನ ವಾರ ಮತ್ತೆ ಬಂದ. ನಾಮಿನಿ ಸಿಕ್ಕಿರಲಿಲ್ಲ, ಜೇಬಿನಲ್ಲಿ ಒಂದು ಸ್ಕ್ರೂಡ್ರೈವರ್ ಇತ್ತು. "ನಿಮ್ಮ ಕೌಂಟರ್ ಫೋನಿನ ಗಂಟೆ ಕೊರಕೊರ ಅಂತಿತ್ತಲ್ಲ ಸಾರ್, ಅವತ್ತಿಂದ ತಲೇಲಿ ಅದೇ ಕೂತ್ಬಿಟ್ಟಿದೆ" ಎಂದು ಹೇಳಿ, ನಮ್ಮ ಮ್ಯಾನೇಜರ್ ಎದುರೇ ಅದನ್ನು ಬಿಚ್ಚಿ ಸರಿ ಮಾಡಿಕೊಟ್ಟ. ಕೆ.ಆರ್. ಪುರದ ಹತ್ತಿರ ದೂರವಾಣಿನಗರದ ಕಾರ್ಖಾನೆಯಲ್ಲಿ, ತಯಾರಾದ ಟೆಲಿಫೋನುಗಳ ಗಂಟೆ ಪರೀಕ್ಷಿಸುವ ವಿಭಾಗದಲ್ಲಿ ಅವನಿದ್ದ. ಇಪ್ಪತ್ತೆರಡು ವರ್ಷ ದಿನವಿಡೀ ಫೋನು ಬಾರಿಸಿ ಕೇಳಿದವನು. "ಒಂದ್ಸಲಾನೂ ಆ ಕಡೆಯಿಂದ ಯಾರೂ ಹಲೋ ಅಂದಿಲ್ಲ ನೋಡಿ" ಎಂದು ನಗುತ್ತಿದ್ದ. ಬೇಗನೆ ನಾವು 'ನೀವು' ಬಿಟ್ಟು 'ನೀನು' ಆದೆವು.

1999ರಲ್ಲಿ ಸ್ವಯಂ ನಿವೃತ್ತಿ ತೆಗೆದುಕೊಂಡ. ಮದುವೆಯಾಗಿರಲಿಲ್ಲ. ಕ್ವಾರ್ಟರ್ಸ್ ಬಿಟ್ಟು, ನನ್ನ ಮನೆಗೆ ಹತ್ತು ನಿಮಿಷದ ದಾರಿಯಲ್ಲಿ, ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯ ಹಿಂದೆ ಒಂದು ರೂಮು ಹಿಡಿದ. ಕೆಳಗೆ ಬಳೆ ಅಂಗಡಿ, ಮೇಲೆ ಇವನು. ಕಟ್ಟಡ ಮುನಿವೆಂಕಟಪ್ಪನವರದು. ಅವರ ತಂದೆ ಅದೇ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದರಂತೆ. ಬಾಗಿಲ ಚೌಕಟ್ಟಿನ ಮೇಲೆ ಎರಡು ಸಂಖ್ಯೆಗಳಿದ್ದವು: ಹಳೇ ನಂಬರ್ 118, ಹೊಸ ನಂಬರ್ 27. ನಮ್ಮ ಕಡೆಯ ಮನೆಗಳಿಗೆಲ್ಲ ಹೀಗೆ ಎರಡೆರಡು ನಂಬರ್ ಇರುವುದರಿಂದ ನಾನು ಅದನ್ನು ಗಮನಿಸಿರಲೂ ಇಲ್ಲ.

2003ರಲ್ಲಿ ಏಜೆನ್ಸಿ ಒಂದು ಹೊಸ ನಿಯಮ ತಂದಿತು. ಫೀಲ್ಡಿನವರೆಲ್ಲ ಒಂದೇ ಗ್ರೂಪ್ ಪ್ಲಾನಿನಲ್ಲಿ ಫೋನ್ ತೆಗೆದುಕೊಳ್ಳಬೇಕು, ತಮ್ಮ ಹೆಸರಿನಲ್ಲೇ. ಹ್ಯಾಂಡ್‌ಸೆಟ್ಟನ್ನು ಕಂಪನಿ ಕೊಡುತ್ತದೆ, ಮೂರು ವರ್ಷದ ಕರಾರು, ತಿಂಗಳಿಗೆ ಆರುನೂರು. ನಡುವೆ ಬಿಟ್ಟರೆ ಉಳಿದಷ್ಟನ್ನೂ ಒಟ್ಟಿಗೆ ಕಟ್ಟಬೇಕು. ಆ ತಿಂಗಳ ಕೊನೆಯೊಳಗೆ ಫೋನಿಲ್ಲದವರಿಗೆ ಮುಂದೆ ಫಾರಂ ಇಲ್ಲ, ಅಂದರೆ ಕೆಲಸವಿಲ್ಲ. ಕೃಷ್ಣಸ್ವಾಮಿ ಅರ್ಜಿ ಹಾಕಿದ. ಅರ್ಜಿ ಮೂರು ಸಲ ವಾಪಸ್ ಬಂತು. ಮೂರು ಸಲವೂ ಒಂದೇ ಷರಾ: ಡೋರ್ ಲಾಕ್ಡ್.

ಮಾರ್ಕೆಟ್ ರಸ್ತೆಯ ದರ್ಶಿನಿಯಲ್ಲಿ ನಿಂತು ಕಾಫಿ ಕುಡಿಯುತ್ತ ನಾನು ನಕ್ಕುಬಿಟ್ಟೆ.

"ಏನೋ ಇದು, ಊರಿಗೆಲ್ಲ ಸರ್ಟಿಫಿಕೇಟ್ ಕೊಡೋನ ಮನೇನೇ ಸಿಗ್ಲಿಲ್ವಾ ಅವ್ರಿಗೆ?"

"ಮನೆ ಸಿಗತ್ತೆ ಶ್ರೀನಾಥ. ಬೀಗ ಇರತ್ತೆ. ನಾನು ಬೇರೆಯವ್ರ ಬಾಗಿಲಲ್ಲಿ ಇರ್ತೀನಲ್ಲ."

"ಒಂದಿನ ರಜ ಹಾಕು."

"ಹಾಕಿದ್ದೆ. ಅವತ್ತು ಯಾರೂ ಬರ್ಲಿಲ್ಲ. ಮಾರನೇ ದಿನ ಬಂದು ಲಾಕ್ಡ್ ಅಂತ ಬರ್ಕೊಂಡು ಹೋಗವ್ಳೆ."

"ಯಾರು?"

"ಶಿವಾಜಿನಗರದ ಫೀಲ್ಡ್ ನೋಡೋ ಹುಡುಗಿ, ಫಹ್ಮಿದಾ. ನಮ್ಮ ಏರಿಯಾದ ಫಾರಂ ನಾವೇ ನೋಡೋ ಹಾಗಿಲ್ಲ, ಅದಕ್ಕೆ ಅವಳು ಬರ್ತಾಳೆ."

"ಗೊತ್ತಿರೋಳೇ ಅಲ್ವೇನೋ? ಯಾವಾಗ ಬರ್ತೀಯಮ್ಮಾ ಅಂತ ಒಂದು ಮಾತು ಕೇಳು."

"ಕೇಳ್ದೆ. ಟೈಮ್ ಹೇಳಿದ್ರೆ ಜನ ಸೆಟ್ಟಿಂಗ್ ಮಾಡ್ತಾರೆ, ಹೇಳಬೇಡ ಅಂತ ನೀವೇ ಕಲಿಸಿದ್ರಲ್ಲ ಸಾರ್ ಅಂದ್ಬಿಟ್ಳು." ಅವನ ಮುಖದಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. "ಒಳ್ಳೇ ಹುಡುಗಿ. ಚೆನ್ನಾಗಿ ಕಲ್ತವ್ಳೆ."

"ಕೆಳಗಿನ ಬಳೆ ಅಂಗಡಿಯವ್ರು ಹೇಳಿದ್ರೆ?"

"ಅಕ್ಕಪಕ್ಕದವ್ರ ಮಾತು ನಡೆಯಲ್ಲ. ಮನೆಯೊಳಗಿಂದ ಒಬ್ರು ಬಾಗಿಲು ತೆಗೀಬೇಕು." ಲೋಟ ಕೆಳಗಿಟ್ಟು, ನನ್ನ ಮುಖ ನೋಡದೆ ಕೇಳಿದ. "ನೀನು ಎರಡು ದಿನ ಬಂದು ಕೂತ್ಕೋತೀಯಾ?"

ನಾನು ಎರಡು ದಿನ ಸಿ.ಎಲ್. ಹಾಕಿದೆ. ಅವನ ರೂಮಿಗೆ ಹಗಲು ಹೊತ್ತಿನಲ್ಲಿ ಅದಕ್ಕೆ ಮುಂಚೆ ನಾನು ಹೋಗಿರಲಿಲ್ಲ. ಒಂದು ಮಂಚ, ಒಂದು ಕುರ್ಚಿ, ಸ್ಟೌವಿನ ಪಕ್ಕ ಒಂದು ತಟ್ಟೆ, ಒಂದು ಲೋಟ. ಇನ್ನೊಂದು ಲೋಟವಿತ್ತು, ಅದರ ತಳದ ಬೆಲೆಚೀಟಿ ಇನ್ನೂ ಕಿತ್ತಿರಲಿಲ್ಲ. ನಾನು ಬರುತ್ತೇನೆಂದು ತಂದಿದ್ದ. ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಸಿಟ್ಟು, ಓದಲೆಂದು ಲೈಬ್ರರಿಯಿಂದ ನಾಲ್ಕು ಪುಸ್ತಕ ತಂದು ಕುರ್ಚಿಯ ಮೇಲೆ ಜೋಡಿಸಿ ಹೋಗಿದ್ದ.

ಮೊದಲ ದಿನ ಯಾರೂ ಬರಲಿಲ್ಲ, ಅವನೇ ಬೆಳಕಿರುವಾಗಲೇ ಬಂದುಬಿಟ್ಟ. ಎರಡನೆಯ ದಿನ ಮಧ್ಯಾಹ್ನ ಮೂರಕ್ಕೆ ಫಹ್ಮಿದಾ ಬಂದಳು. ಇಪ್ಪತ್ತು ದಾಟಿದ ಹುಡುಗಿ, ತಲೆಗೆ ಸ್ಕಾರ್ಫ್, ಕಂಕುಳಲ್ಲಿ ಫಾರಂಗಳ ಕಟ್ಟು. ಬಾಗಿಲು ತೆಗೆದಿದ್ದು ನೋಡಿ ಅವಳಿಗೇ ಆಶ್ಚರ್ಯವಾಯಿತು.

"ಕೃಷ್ಣಸ್ವಾಮಿ ಸಾರ್ ಇಲ್ಲೇ ಇರೋದಾ ಅಂಕಲ್?"

"ನಿಂಗೆ ಗೊತ್ತಿಲ್ವೇನಮ್ಮಾ?"

"ಗೊತ್ತು. ಆದ್ರೂ ಕೇಳಬೇಕು." ಬರೆದುಕೊಂಡಳು. "ನೀವು ಅವರಿಗೆ ಏನಾಗಬೇಕು?"

"ಸ್ನೇಹಿತ."

ಅವಳು ಫಾರಂ ತಿರುಗಿಸಿ ತೋರಿಸಿದಳು. ಸಂಬಂಧ ಎಂಬಲ್ಲಿ ಚೌಕಗಳಿದ್ದವು: ತಂದೆ ತಾಯಿ, ಗಂಡ ಹೆಂಡತಿ, ಮಕ್ಕಳು. ಎಲ್ಲ ಇಂಗ್ಲಿಷಿನಲ್ಲಿ. "ಫ್ರೆಂಡ್ ಅಂತ ಇಲ್ಲ ಅಂಕಲ್. ಅದರ್ಸ್ ಅಂತ ಹಾಕ್ತೀನಿ" ಎಂದು ಕೊನೆಯ ಚೌಕಕ್ಕೆ ಟಿಕ್ ಹಾಕಿದಳು.

ಸಂಜೆ ಆರೂ ಮುಕ್ಕಾಲಿಗೆ ಕೃಷ್ಣಸ್ವಾಮಿಯ ಚಪ್ಪಲಿ ಸದ್ದು ಮೆಟ್ಟಿಲಲ್ಲಿ ಕೇಳಿತು, ಅರ್ಧದಲ್ಲಿ ನಿಂತಿತು. ನಾನು ಎದ್ದು ಬಂದು ನೋಡಿದೆ. ಜೇಬಿನಿಂದ ಕೀಲಿಕೈ ತೆಗೆದು ಕೈಯಲ್ಲಿ ಹಿಡಿದವನು, ತೆರೆದ ಬಾಗಿಲನ್ನೂ ಒಳಗಿನ ದೀಪವನ್ನೂ ನೋಡುತ್ತ ನಿಂತಿದ್ದ.

"ಯಾಕೋ, ಸುಸ್ತಾಯ್ತಾ?"

"ಇಲ್ಲ. ಲೈಟ್ ಹಾಕಿದ್ದೀಯಲ್ಲ."

"ಕತ್ತಲಾಯ್ತು, ಹಾಕ್ದೆ. ನಿನ್ನ ಫಾರಂ ಪಾಸ್. ನನ್ನನ್ನ ಅದರ್ಸ್ ಅಂತ ಬರ್ಕೊಂಡು ಹೋದ್ಳು."

ಅವನು ಜೋರಾಗಿ ನಕ್ಕ. "ಅದರ್ಸ್ ಅಂದ್ರೆ ಸರ್ಕಾರಿ ಕನ್ನಡದಲ್ಲಿ ಇತರೆ. ಬಾರಯ್ಯಾ ಇತರೆ, ಕಾಫಿ ಮಾಡ್ತೀನಿ." ಅಂದಿನಿಂದ ನನ್ನ ಹೆಸರು ಅದೇ ಆಯಿತು.

ಕೆಲಸ ಉಳಿಯಿತು, ಫೋನೂ ಬಂತು. ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಆದರೆ 2005ರಲ್ಲಿ ಅವನು ಬಣ್ಣದ ಪರದೆಯ ಫೋನಿಗೆ ಅರ್ಜಿ ಹಾಕಿದ. ಹೊಸ ಸೆಟ್ಟಿಗೆ ಸ್ವಲ್ಪ ಹಣ, ಕರಾರು ಮತ್ತೆ ಎರಡು ವರ್ಷ ಮುಂದಕ್ಕೆ. "ವೆರಿಫಿಕೇಶನ್ ಮತ್ತೆ ಬರತ್ತೆ ಕಣೋ ಇತರೆ, ಬಂದು ಕೂತ್ಕೋ" ಎಂದ. ಹೋಗಿ ಕೂತೆ. 2006ರ ಕೊನೆಗೆ ಕ್ಯಾಮೆರಾ ಫೋನು. 2008ರಲ್ಲಿ ಹಾಡು ಕೇಳುವ ಫೋನು. ಪ್ರತಿ ಸಲವೂ ನನಗೆ ಎರಡು ದಿನ ರಜ, ಕುರ್ಚಿಯ ಮೇಲೆ ನಾಲ್ಕು ಪುಸ್ತಕ, ಫಿಲ್ಟರಿನಲ್ಲಿ ಡಿಕಾಕ್ಷನ್. ಪ್ರತಿ ಸಲವೂ ಫಹ್ಮಿದಾ, ಇಲ್ಲವೇ ಅವಳ ಕಡೆಯವರು ಇನ್ಯಾರೋ. ಸಂಜೆ ಅವನು ಬಂದ ಮೇಲೆ ಉಪ್ಪಿಟ್ಟು ಮಾಡುತ್ತಿದ್ದ, ಎಂಟರವರೆಗೆ ಮಾತು. ಆ ಕ್ಯಾಮೆರಾದಲ್ಲಿ ಅವನು ತೆಗೆದ ಚಿತ್ರಗಳನ್ನು ಒಮ್ಮೆ ನೋಡಿದ್ದೆ. ಎಲ್ಲ ಬಾಗಿಲುಗಳು. ಹಲಸೂರಿನ ಹಸಿರು ಬಾಗಿಲು, ಕಬ್ಬಿಣದ ಗೇಟು, ಯಾರದೋ ರಂಗೋಲಿ.

ನನ್ನ ಹೆಂಡತಿ ರಮಾಮಣಿಗೆ ಇದೊಂದು ತಮಾಷೆ. "ನಿಮ್ಮ ಸ್ನೇಹಿತರು ಫೋನ್ ನೋಡೋ ಹಾಗೆ ಹೆಣ್ಣು ನೋಡಿದ್ದಿದ್ರೆ ಇಷ್ಟೊತ್ತಿಗೆ ನಾಲ್ಕು ಮದುವೆ ಆಗಿರೋದು ರೀ" ಎನ್ನುತ್ತಿದ್ದಳು. ನನಗೆ ಮಾತ್ರ ಸಿಟ್ಟು ಬರುತ್ತಿತ್ತು. ಕಾಲಿಗೆ ಹರಿದ ಚಪ್ಪಲಿ, ಎದೆ ನೋವಿಗೆ ಡಾಕ್ಟರನ್ನು ನೋಡದವನು ಫೋನಿಗೆ ಮಾತ್ರ ಹೀಗೆ ಸುರಿಯುತ್ತಾನಲ್ಲ ಎಂದು. ಅವನು ನನ್ನನ್ನು ಭಾನುವಾರಗಳಲ್ಲಿ ಸುಮ್ಮನೆ ಬಾ ಎಂದು ಕರೆಯುತ್ತಿರಲಿಲ್ಲ ಎಂದಲ್ಲ. ಕರೆಯುತ್ತಿದ್ದ. "ನೋಡೋಣ" ಎನ್ನುತ್ತಿದ್ದೆ. ಹತ್ತು ನಿಮಿಷದ ದಾರಿ.

2009ರ ಅಕ್ಟೋಬರಿನಲ್ಲಿ ಅವನು ಬೆರಳಿನಿಂದ ಮುಟ್ಟಿ ನಡೆಸುವ ಫೋನಿನ ವಿಷಯ ತೆಗೆದ. ಹದಿನಾಲ್ಕು ಸಾವಿರ, ಮೇಲೆ ಎರಡು ವರ್ಷದ ಕರಾರು.

"ನಿಂಗೇನು ಬುದ್ಧಿ ಕೆಟ್ಟಿದ್ಯಾ?" ಎಂದೆ. "ನಾನು ತಿಂಗಳಿಗೆ ಐವತ್ತು ರೂಪಾಯಿ ಕರೆನ್ಸಿ ಹಾಕಿಸ್ಕೊಂಡು ಆರಾಮಾಗಿದ್ದೀನಿ. ಯಾರಿಗೆ ಫೋನ್ ಮಾಡ್ತೀಯಾ ನೀನು ಅಷ್ಟೊಂದು?"

"ನಿಂಗೇ."

"ನಾನು ಇಲ್ಲೇ ಇದ್ದೀನಲ್ಲ! ಈ ಸಲ ನಾನು ಬರಲ್ಲ. ರಜಾನೂ ಇಲ್ಲ, ಮನಸ್ಸೂ ಇಲ್ಲ. ಬೇಡ ಅಂತ ಬಿಟ್ಬಿಡು."

"ಎರಡೇ ದಿನ ಕಣೋ."

"ಆಗಲ್ಲ ಅಂದ್ನಲ್ಲ."

ಒಂದು ವಾರದ ಮೇಲೆ ನನ್ನ ಫೋನಿಗೆ ಮೆಸೇಜ್ ಬಂತು: ಡೋರ್ ಲಾಕ್ಡ್ ಅಂತ ವಾಪಸ್ ಬಂತು, ಮತ್ತೆ ಹಾಕಿದೀನಿ. ನಾನು ಉತ್ತರ ಬರೆಯಲಿಲ್ಲ.

ನವೆಂಬರ್ ಮೊದಲ ವಾರ, ಬೆಳಿಗ್ಗೆ ಹನ್ನೊಂದಕ್ಕೆ ಅವನ ನಂಬರಿನಿಂದ ಕರೆ ಬಂತು. ಇನ್ನೂ ಮುನಿಸಿನಲ್ಲೇ ಎತ್ತಿದೆ. ಹೆಂಗಸಿನ ದನಿ.

"ಹಲೋ, ಇದ್ರಲ್ಲಿ ಕೊನೇ ನಂಬರ್ 'ಇತರೆ' ಅಂತ ಇದೆ. ನೀವೇನಾ ಸಾರ್? ಇವರು ನಮ್ಮನೆ ಮೆಟ್ಟಿಲ ಮೇಲೆ ಕೂತ್ಕೊಂಡ್ರು, ನೀರು ಕೇಳಿದ್ರು. ತರೋಷ್ಟರಲ್ಲಿ..."

ಹಲಸೂರಿನಲ್ಲಿ, ಕೆರೆಯ ಹಿಂದಿನ ಬೀದಿ. ನಾನು ಹೋಗುವಷ್ಟರಲ್ಲಿ ಮುಗಿದಿತ್ತು. ಅವನ ತೊಡೆಯ ಮೇಲಿದ್ದ ಫಾರಂನಲ್ಲಿ ಆ ಮನೆಯ ವಿಳಾಸ ಅರ್ಧ ಬರೆದಿತ್ತು. ಆಕೆ ನೀರಿನ ಲೋಟವನ್ನು ಇನ್ನೂ ಕೈಯಲ್ಲೇ ಹಿಡಿದಿದ್ದರು.

ಮುನಿವೆಂಕಟಪ್ಪನವರು ಒಳ್ಳೆಯವರು. "ಆತುರ ಏನಿಲ್ಲ ಸಾರ್, ನಿಧಾನಕ್ಕೆ ಖಾಲಿ ಮಾಡಿ" ಎಂದರು. ಹನ್ನೆರಡನೆಯ ದಿನ ನಾನೊಬ್ಬನೇ ಹೋಗಿ ಸಾಮಾನು ಕಟ್ಟುತ್ತಿದ್ದೆ. ಮೂರು ಗಂಟೆಗೆ ಬಾಗಿಲ ಹತ್ತಿರ ನೆರಳಾಯಿತು. ಫಹ್ಮಿದಾ.

"ನಂಗೆ ವಿಷಯ ಗೊತ್ತು ಅಂಕಲ್. ಸಾರ್ ಮತ್ತೆ ಹಾಕಿದ್ದ ಫಾರಂ ನನ್ನ ಕೈಗೆ ಬಂತು. ಆಫೀಸಲ್ಲೇ ಕೂತು ಬರೆದು ಕಳಿಸಬಹುದಿತ್ತು. ಬಾಗಿಲ ತನಕ ಹೋಗದೆ ಏನೂ ಬರೀಬೇಡ ಅಂತಿದ್ರು ಸಾರ್. ಅದಕ್ಕೆ ಬಂದೆ."

ಕೂರಿಸಿದೆ. ಕುಡಿಯಲು ನೀರು ಕೊಟ್ಟೆ. ನನಗೆ ತಡೆಯಲಾಗದೆ ಹೇಳಿಬಿಟ್ಟೆ. "ಈ ಹಾಳು ಫೋನಿನ ವಿಷಯಕ್ಕೆ ಜಗಳ ಆಡಿದ್ದೆನಮ್ಮಾ. ಹೊಸ ಸೆಟ್ ತಗೊಂಡಾಗೆಲ್ಲ ಮನೆಗೆ ಬಂದು ನೋಡ್ತೀರಲ್ಲ, ಅದ್ಯಾಕೆ ಹಾಗೆ ನಿಮ್ಮ ಕಂಪನೀಲಿ?"

ಅವಳು ನನ್ನನ್ನೇ ನೋಡಿದಳು. "ಹಳೇ ಕಸ್ಟಮರ್‌ಗೆ ವೆರಿಫಿಕೇಶನ್ ಇಲ್ಲ ಅಂಕಲ್. ಅಂಗಡೀಲಿ ಸೈನ್ ಹಾಕಿ ಫೋನ್ ತಗೊಂಡು ಹೋಗೋದಷ್ಟೆ. ಮನೆ ಬದಲಾಯಿಸಿದ್ರೆ ಮಾತ್ರ ನಾವು ಬರೋದು."

"ಇವನು ಮನೆ ಬದಲಾಯಿಸಿಲ್ಲವಲ್ಲ."

ಅವಳು ಎದ್ದು ಹೋಗಿ ಬಾಗಿಲ ಚೌಕಟ್ಟು ತೋರಿಸಿದಳು. "ಮೊದಲ್ನೇ ಸಲ ನೂರಾ ಹದಿನೆಂಟು ಅಂತ ಬರೆದಿದ್ರು. ಆಮೇಲೆ ಇಪ್ಪತ್ತೇಳು. ಆಮೇಲೆ ಮತ್ತೆ ನೂರಾ ಹದಿನೆಂಟು. ಕಂಪ್ಯೂಟರ್‌ಗೆ ಮನೆ ಚೇಂಜ್ ಆಯ್ತು ಅಂತ್ಲೇ ಲೆಕ್ಕ."

"ಅವನಿಗೆ ಅದು ಗೊತ್ತಿರ್ಲಿಲ್ವಾ?"

"ಸಾರ್‌ಗಾ? ಹಳೇ ನಂಬರ್ ಹೊಸ ನಂಬರ್ ಎರಡೂ ಬರೆಸ್ಕೋ, ಇಲ್ದಿದ್ರೆ ಸುಮ್ನೆ ಎರಡನೇ ಸಲ ಅಲೀಬೇಕಾಗತ್ತೆ ಅಂತ ನಂಗೆ ಹೇಳ್ಕೊಟ್ಟಿದ್ದೇ ಸಾರ್."

ನಾನು ಕುರ್ಚಿಯ ಮೇಲೆ ಕೂತೆ. ಅಲ್ಲಿ ನಾಲ್ಕು ಪುಸ್ತಕಗಳಿದ್ದವು. ಈ ಸಲಕ್ಕೆಂದು ತಂದು ಜೋಡಿಸಿದ್ದವು, ಹಿಂದಿರುಗಿಸುವ ದಿನಾಂಕ ದಾಟಿತ್ತು. ಮೊದಲ ಫೋನು ಕೆಲಸಕ್ಕಾಗಿತ್ತು. ಉಳಿದ ಮೂರಕ್ಕೆ ಅವನು ಸುರಿದದ್ದೆಲ್ಲ, ಅವನು ಮನೆಗೆ ಬರುವ ಹೊತ್ತಿಗೆ ನಾನು ದೀಪ ಹಾಕಿ, ಬಾಗಿಲು ತೆಗೆದು ಕೂತಿರಲಿ ಎಂದು. ಸುಮ್ಮನೆ ಕರೆದಾಗ ನಾನು ಹೋಗುತ್ತಿರಲಿಲ್ಲ. ಫಾರಂ ಇದ್ದಾಗ ಹೋಗುತ್ತಿದ್ದೆ. ಅದನ್ನು ಅವನು ಕಂಡುಕೊಂಡಿದ್ದ.

ಫಹ್ಮಿದಾ ಪೆನ್ನು ತೆಗೆದಿದ್ದಳು. ವಿಳಾಸ ಸರಿ ಇದೆ ಎಂದು ಬರೆದಳು. ಅರ್ಜಿದಾರರು ಎಂಬ ಸಾಲಿನಲ್ಲಿ ಇಲ್ಲ ಎಂದು ಬರೆದು, ಅದರ ಕೆಳಗೆ ತಾರೀಖು ಹಾಕಿದಳು. ಬಾಗಿಲು ತೆಗೆದವರ ಹೆಸರಿಗೆ ನನ್ನ ಹೆಸರು. ಸಂಬಂಧದ ಚೌಕಗಳ ಹತ್ತಿರ ಬಂದು ನಿಂತಳು.

"ಏನು ಹಾಕ್ಲಿ ಅಂಕಲ್?"

"ಅದೇ ಹಾಕಮ್ಮಾ" ಎಂದೆ. "ಇತರೆ."

ಅವಳು ಹೋದ ಮೇಲೆ ಕೆಲಸ ಮುಂದುವರಿಸಲಿಲ್ಲ. ಕತ್ತಲಾಗುವ ಮುಂಚೆಯೇ ದೀಪ ಹಾಕಿದೆ. ಆರೂ ಮುಕ್ಕಾಲಾಯಿತು, ಕೆಳಗೆ ಬಳೆ ಅಂಗಡಿಗೆ ಬಂದವರ ಮಾತು, ಮಾರ್ಕೆಟ್ ರಸ್ತೆಯ ಆಟೋಗಳ ಸದ್ದು. ಇನ್ನೊಂದು ಸ್ವಲ್ಪ ಹೊತ್ತು ಕೂತಿದ್ದು, ದೀಪ ಆರಿಸಿ, ಬೀಗ ಹಾಕಿ, ಕೀಲಿಕೈಯನ್ನು ಮುನಿವೆಂಕಟಪ್ಪನವರ ಮನೆಯಲ್ಲಿ ಕೊಟ್ಟು ಬಂದೆ.